ವೇಪ್ ಬೇಡ, ಸರಿ. ಹಾಗಾದ್ರೆ ಯಾವುದು? ಗಮ್, ಪ್ಯಾಚ್, ಮಾತ್ರೆಗಳಲ್ಲಿ ನಿಮ್ಮ ಚಟಕ್ಕೆ ಹೊಂದುವುದನ್ನು ಆರಿಸುವ ಬಗೆ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಮೆಡಿಕಲ್ ಅಂಗಡಿಯ ಕೌಂಟರಿನ ಹಿಂದೆ ನಾನು ನಿಂತು ಇಪ್ಪತ್ತೊಂದು ವರ್ಷವಾಯಿತು. ಸಂಜೆ ಏಳರ ಮೇಲೆ ಲೋಕಲ್ ರೈಲು ಇಳಿದು ಬರುವ ಗಿರಾಕಿಗಳಲ್ಲಿ ಕನ್ನಡದವರು, ತುಳುವರು ತುಂಬಾ ಜನ. ಬಿಪಿ ಮಾತ್ರೆಯೋ ಕೆಮ್ಮಿನ ಔಷಧಿಯೋ ಚೀಲಕ್ಕೆ ಹಾಕಿಕೊಂಡ ಮೇಲೂ ಕೆಲವರು ಹೊರಡುವುದಿಲ್ಲ. ಪಕ್ಕದವರು ಹೋಗಲಿ ಅಂತ ಕಾದು, ದನಿ ತಗ್ಗಿಸಿ ಕೇಳುತ್ತಾರೆ. "ಅಣ್ಣಾ, ಸಿಗರೇಟು ಬಿಡಬೇಕು ಅಂತಿದ್ದೇನೆ. ವೇಪ್ ತಗೊಂಡ್ರೆ ಆಗುತ್ತಾ? ಯಾವುದು ಒಳ್ಳೇದು?" ಈಚೆಗೆ ಇನ್ನೊಂದು ಪ್ರಶ್ನೆಯೂ ಸೇರಿದೆ. ಕಾಲೇಜಿಗೆ ಹೋಗುವ ಹುಡುಗರು, ಐಟಿ ಕಂಪನಿಯ ಹುಡುಗಿಯರು ಬಂದು, "ವೇಪೇ ಬಿಡೋಕೆ ಆಗ್ತಿಲ್ಲ, ಏನಾದ್ರೂ ಇದೆಯಾ?" ಅಂತಾರೆ.

ಇದಕ್ಕೆ ಕೌಂಟರಿನಲ್ಲಿ ಎರಡು ನಿಮಿಷದಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಹಿಂದೆ ಸಾಲು ನಿಂತಿರುತ್ತದೆ. ಅವಸರದಲ್ಲಿ ಒಂದು ಪೊಟ್ಟಣ ನಿಕೋಟಿನ್ ಗಮ್ ಕೊಟ್ಟು ಕಳಿಸಿದರೆ ಏನಾಗುತ್ತದೆ ಅಂತ ನಾನು ಬಹಳ ಸಲ ನೋಡಿದ್ದೇನೆ. ನಾಲ್ಕು ದಿನಕ್ಕೆ ವಾಪಸ್ ಬಂದು, "ಇದು ಕೆಲಸ ಮಾಡಲ್ಲ ಮಾರಾಯ್ರೆ, ನನ್ನ ಹಣೆಬರಹವೇ ಇಷ್ಟು" ಅಂತಾರೆ. ಹಣೆಬರಹ ಅಲ್ಲ. ಹೆಚ್ಚಿನವರಿಗೆ ಸೋಲಾಗುವುದು ಮನಸ್ಸು ಗಟ್ಟಿ ಇಲ್ಲದ್ದಕ್ಕಲ್ಲ. ಚಟ ಒಂದು ಬಗೆಯದು, ಕೊಂಡ ಸಾಧನ ಇನ್ನೊಂದು ಬಗೆಯದು. ಅಥವಾ ಸಾಧನ ಸರಿ, ಪ್ರಮಾಣ ಕಡಿಮೆ. ಅದನ್ನು ಸಾವಧಾನವಾಗಿ ಬಿಡಿಸಿ ಹೇಳೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ವೇಪ್ ವಿಷಯ

ವೇಪ್ ಅಂದರೆ ಇ-ಸಿಗರೇಟು, ನಿಕೋಟಿನ್ ಇರುವ ದ್ರವವನ್ನು ಬಿಸಿ ಮಾಡಿ ಆವಿ ಎಳೆಯುವ ಸಾಧನ. ಭಾರತದಲ್ಲಿ ಅದು 2019ರಿಂದ ನಿಷಿದ್ಧ. ತಯಾರಿಸುವುದು, ತರಿಸುವುದು, ಮಾರುವುದು, ಸಾಗಿಸುವುದು, ಜಾಹೀರಾತು ಕೊಡುವುದು, ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಮಾಲು ದಾಸ್ತಾನು ಇಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ ಐವತ್ತು ಸಾವಿರದವರೆಗೆ ದಂಡ, ಇಲ್ಲಿಯೂ ಎರಡೂ ಆಗಬಹುದು. ಹುಕ್ಕಾದ ಹಾಗೆ ಎಳೆಯುವ ಎಲೆಕ್ಟ್ರಿಕ್ ಸಾಧನ, ತಂಬಾಕನ್ನು ಸುಡದೆ ಬಿಸಿ ಮಾಡುವ ಸಾಧನ, ಇವೂ ಅದೇ ಕಾನೂನಿನೊಳಗೆ ಬರುತ್ತವೆ.

ಬ್ರಿಟನ್ನಿನಂಥ ಕೆಲವು ದೇಶಗಳಲ್ಲಿ ಸಿಗರೇಟು ಬಿಡಲು ವೇಪನ್ನು ವೈದ್ಯರೇ ಸೂಚಿಸುತ್ತಾರೆ. ಅದು ನಿಜ, ಮುಚ್ಚಿಡುವುದಿಲ್ಲ. ಆದರೆ ಅಲ್ಲಿ ದ್ರವದಲ್ಲಿ ಎಷ್ಟು ನಿಕೋಟಿನ್ ಇರಬೇಕು ಅಂತ ಮಿತಿ ಇದೆ. ಮಿಲಿಲೀಟರಿಗೆ 20 ಮಿಲಿಗ್ರಾಂ, ಅದಕ್ಕಿಂತ ಹೆಚ್ಚಿಲ್ಲ. ಇಲ್ಲಿ ಕದ್ದುಮುಚ್ಚಿ ಸಿಗುವುದಕ್ಕೆ ಮಿತಿಯೂ ಇಲ್ಲ, ತಪಾಸಣೆಯೂ ಇಲ್ಲ. ಮೇಲಿನ ಲೇಬಲ್ ಯಾರು ಅಂಟಿಸಿದರೋ ದೇವರಿಗೇ ಗೊತ್ತು. 2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದವರಿಗೆ ಶ್ವಾಸಕೋಶ ಕೆಟ್ಟು 2020ರ ಫೆಬ್ರವರಿ ಹೊತ್ತಿಗೆ 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ದರು, 68 ಜನ ತೀರಿಕೊಂಡಿದ್ದರು. ಮುಖ್ಯ ಕಾರಣ ಅಂತ ಪತ್ತೆಯಾದದ್ದು ವಿಟಮಿನ್ ಇ ಅಸಿಟೇಟ್. ಗಾಂಜಾ ಅಂಶದ ಕಳ್ಳಮಾಲಿನ ದ್ರವಕ್ಕೆ ಯಾರೋ ಬೆರೆಸಿದ ಎಣ್ಣೆಯಂಥ ವಸ್ತು ಅದು. ಲೇಬಲ್ ನಂಬಲಾಗದ ದ್ರವವನ್ನು ಎದೆಯೊಳಗೆ ಎಳೆದುಕೊಳ್ಳಿ ಅಂತ ನಾನಂತೂ ಯಾರಿಗೂ ಹೇಳಲಾರೆ.

ಕೊಳ್ಳುವ ಮುಂಚೆ ಏನೇನು ನೋಡಬೇಕು

ಚಟ ಹಿಡಿಸುವುದು ನಿಕೋಟಿನ್. ಜೀವ ತೆಗೆಯುವುದು ಬಹುಪಾಲು ಹೊಗೆಯ ಟಾರು, ಕಾರ್ಬನ್ ಮಾನಾಕ್ಸೈಡು, ಜಗಿಯುವ ತಂಬಾಕಿನ ಕ್ಯಾನ್ಸರ್ ತರುವ ರಾಸಾಯನಿಕಗಳು. ಗಮ್, ಪ್ಯಾಚ್ ಮಾಡುವುದು ಇಷ್ಟೇ: ಹೊಗೆ ಇಲ್ಲದೆ ಸ್ವಲ್ಪ ಸ್ವಲ್ಪ ನಿಕೋಟಿನ್ ಕೊಟ್ಟು, ಆಮೇಲೆ ಅದನ್ನೂ ಇಳಿಸುತ್ತಾ ಬರುವುದು. ಹಾಗಾಗಿ ಯಾವುದು ಹೊಂದುತ್ತದೆ ಅನ್ನುವುದು ನಿಮ್ಮ ದೇಹಕ್ಕೆ ನಿಕೋಟಿನ್ ಈಗ ಹೇಗೆ, ಎಷ್ಟು ಬೇಗ, ಯಾವ ಹೊತ್ತಿಗೆ ಸಿಗುತ್ತಿದೆ ಅನ್ನುವುದರ ಮೇಲೆ ನಿಂತಿದೆ.

ನಾನು ಮೊದಲು ಕೇಳುವ ಪ್ರಶ್ನೆ ದಿನಕ್ಕೆ ಎಷ್ಟು ಸೇದುತ್ತೀರಿ ಅಂತ ಅಲ್ಲ. ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು? ಹಲ್ಲುಜ್ಜುವ ಮುಂಚೆಯೇ, ಅಂದರೆ ಅರ್ಧ ಗಂಟೆಯೊಳಗೆ ಬೇಕೇ ಬೇಕು ಅಂದರೆ ಚಟ ಗಟ್ಟಿಯಾಗಿದೆ. ಆಫೀಸು ತಲುಪಿ ಕಟಿಂಗ್ ಚಹಾದ ಜೊತೆಗೆ ಮೊದಲನೆಯದು ಅಂದರೆ ಅಷ್ಟಿಲ್ಲ. ಈ ಒಂದು ಪ್ರಶ್ನೆ ಪ್ರಮಾಣವನ್ನು ಹೆಚ್ಚುಕಡಿಮೆ ತೀರ್ಮಾನಿಸಿಬಿಡುತ್ತದೆ.

ಎರಡನೆಯದು, ದಿನವಿಡೀ ಒಂದೇ ಸಮ ಬೇಕನಿಸುತ್ತದೋ ಅಥವಾ ಊಟವಾದ ಮೇಲೆ, ಟಪ್ರಿ, ಅಂದರೆ ಚಹಾ ಸಿಗರೇಟಿನ ಗೂಡಂಗಡಿ, ಕಂಡಾಗ, ಬಾಸ್ ಬೈದಾಗ ಹೀಗೆ ಗಕ್ಕನೆ ಏಳುತ್ತದೋ? ಮೂರನೆಯದು, ಎಳೆಯುತ್ತೀರೋ ಅಗಿಯುತ್ತೀರೋ? ನಾಲ್ಕನೆಯದು ನಿಮ್ಮ ದೇಹ. ಹಲ್ಲು ಹೇಗಿದೆ, ದವಡೆ ಹೇಗಿದೆ, ಹೊಟ್ಟೆಯುರಿ ಇದೆಯಾ, ಚರ್ಮಕ್ಕೆ ಅಲರ್ಜಿಯಾ, ಫಿಟ್ಸ್ ಬಂದದ್ದುಂಟಾ, ಈಚೆಗೆ ಹಾರ್ಟ್ ಅಟ್ಯಾಕ್ ಆಗಿದೆಯಾ. ಕೊನೆಗೆ ಹಣ. ಒಂದು ದಿನದ್ದಲ್ಲ, ಹತ್ತು ಹನ್ನೆರಡು ವಾರದ ಹಣ.

ಬಸುರಿಯರು, ಹಾಲುಣಿಸುವವರು, ಹದಿನೆಂಟರ ಒಳಗಿನವರು, ಹೃದಯದ ತೊಂದರೆ ಇರುವವರು ಇಲ್ಲಿ ಓದಿದ್ದನ್ನು ನೋಡಿ ಸೀದಾ ಅಂಗಡಿಗೆ ಬರಬೇಡಿ. ಮೊದಲು ವೈದ್ಯರ ಹತ್ತಿರ ಹೋಗಿ.

ಗಮ್

ಎಲ್ಲರೂ ಮೊದಲು ಕೇಳುವುದು ಇದನ್ನೇ. 2 ಮಿಲಿಗ್ರಾಂ ಗಮ್ ಚೀಟಿ ಇಲ್ಲದೆ ಸಿಗುತ್ತದೆ. 4 ಮಿಲಿಗ್ರಾಂಗೆ ವೈದ್ಯರ ಚೀಟಿ ಬೇಕು. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4, ಆಮೇಲೆ ಸೇದುವವರಿಗೆ 2. ಇಲ್ಲಿಯೇ ಮೊದಲ ಎಡವಟ್ಟು ಆಗುವುದು. ಕಣ್ಣು ಬಿಟ್ಟ ತಕ್ಷಣ ಸೇದುವವರು ಚೀಟಿ ಇಲ್ಲದೆ ಸಿಗುತ್ತದೆ ಅಂತ 2ನ್ನು ಒಯ್ಯುತ್ತಾರೆ. ಅದು ಅವರಿಗೆ ಸಾಲುವುದಿಲ್ಲ.

ನನ್ನ ಸ್ವಂತ ಅಣ್ಣನಿಗೇ ನಾನು ಹೀಗೆ ಮಾಡಿದ್ದೆ. ಹದಿನೈದು ವರ್ಷದ ಹಿಂದಿನ ಮಾತು. ದಿನಕ್ಕೆ ಎರಡು ಪ್ಯಾಕ್ ಸೇದುತ್ತಿದ್ದ ಮನುಷ್ಯನಿಗೆ 2 ಮಿಲಿಗ್ರಾಮಿನ ಎರಡು ಪೊಟ್ಟಣ ಕೊಟ್ಟು ಊರಿಗೆ ಕಳಿಸಿದೆ. ಐದನೇ ದಿನ ಫೋನ್ ಮಾಡಿ, "ಬಿಡು, ನನ್ನ ಕೈಲಿ ಆಗಲ್ಲ" ಅಂದ. ಆಮೇಲೆ ಇನ್ನೊಮ್ಮೆ ಪ್ರಯತ್ನಿಸಲು ಅವನಿಗೆ ಮೂರು ವರ್ಷ ಬೇಕಾಯಿತು. ಆ ಮೂರು ವರ್ಷ ನನ್ನ ಎದೆಯಲ್ಲಿ ಈಗಲೂ ಚುಚ್ಚುತ್ತದೆ.

ಇನ್ನು ಅಗಿಯುವ ರೀತಿ. ಇದನ್ನು ಚೂಯಿಂಗ್ ಗಮ್ಮಿನ ಹಾಗೆ ಚಪ್ಪರಿಸಿ ಅಗಿಯುವಂತಿಲ್ಲ. ನಿಧಾನಕ್ಕೆ ಕೆಲವು ಸಲ ಅಗಿಯಿರಿ. ಕಾಳುಮೆಣಸು ಕಚ್ಚಿದ ಹಾಗೆ ನಾಲಿಗೆ ಚುರುಗುಟ್ಟುತ್ತದೆ. ತಕ್ಷಣ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಒತ್ತರಿಸಿ ಇಟ್ಟುಕೊಳ್ಳಿ. ಚುರುಗು ಇಳಿದ ಮೇಲೆ ಮತ್ತೆ ಎರಡು ಮೂರು ಸಲ ಅಗಿದು, ಜಾಗ ಬದಲಿಸಿ ಇಡಿ. ಹೀಗೆ ಅರ್ಧ ಗಂಟೆ. ಯಾಕೆ ಅಂದರೆ ನಿಕೋಟಿನ್ ರಕ್ತಕ್ಕೆ ಹೋಗಬೇಕಾದದ್ದು ಬಾಯಿಯ ಒಳಚರ್ಮದಿಂದ. ಬಡಬಡ ಅಗಿದು ಉಗುಳು ನುಂಗಿದರೆ ಅದು ಹೊಟ್ಟೆಗೆ ಹೋಗುತ್ತದೆ. ಲಿವರ್ ಅದರ ಬಹುಭಾಗವನ್ನು ಅಲ್ಲೇ ಒಡೆದುಹಾಕುತ್ತದೆ. ನಿಮಗೆ ಸಿಗುವುದು ಬಿಕ್ಕಳಿಕೆ, ಹೊಟ್ಟೆ ತೊಳಸು.

ನಮ್ಮವರಿಗೆ ಇನ್ನೊಂದು ಕಷ್ಟ. ಗಮ್ ಬಾಯಲ್ಲಿಟ್ಟುಕೊಂಡೇ ಫಿಲ್ಟರ್ ಕಾಫಿ ಹೀರುತ್ತಾರೆ. ಕಾಫಿ, ಹಣ್ಣಿನ ರಸ, ಕೋಲಾ ಇವೆಲ್ಲ ಬಾಯಿಯನ್ನು ಹುಳಿ ಮಾಡುತ್ತವೆ. ಹುಳಿಯಾದ ಬಾಯಲ್ಲಿ ನಿಕೋಟಿನ್ ಒಳಗೆ ಇಳಿಯುವುದಿಲ್ಲ. ಕಾಲು ಗಂಟೆ ಮುಂಚೆಯಿಂದ ಗಮ್ ಉಗುಳುವವರೆಗೆ ನೀರು ಬಿಟ್ಟು ಬೇರೇನೂ ಬೇಡ. ಕಾಫಿಯನ್ನು ಬಿಡಬೇಕಿಲ್ಲ. ಮೊದಲು ಕಾಫಿ, ಹದಿನೈದು ನಿಮಿಷ ಬಿಟ್ಟು ಗಮ್.

ಈಗ ಲೆಕ್ಕ. ಮೊದಲ ಆರು ವಾರ ಒಂದೆರಡು ಗಂಟೆಗೆ ಒಂದರಂತೆ ದಿನಕ್ಕೆ ಕನಿಷ್ಠ ಒಂಬತ್ತು. 24 ಮೀರಬಾರದು. ಒಂಬತ್ತೇ ಅಂದರೂ ಆರು ವಾರಕ್ಕೆ 378 ಗಮ್ ಆಯಿತು. ಆಮೇಲೆ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ಒಂದು ಪೊಟ್ಟಣ ಒಯ್ದವರು ಒಂದೇ ದಿನದ ಔಷಧಿ ಒಯ್ದಿದ್ದಾರೆ ಅಂತ ಇದರಿಂದ ಗೊತ್ತಾಗುತ್ತದೆ ಅಲ್ವಾ?

ಗಮ್ಮಿನ ದೊಡ್ಡ ಗುಣ ಹತೋಟಿ. ಆಸೆ ಎದ್ದಾಗ ಬಾಯಿಗೆ ಹಾಕಬಹುದು. ಇಪ್ಪತ್ತು ಮೂವತ್ತು ನಿಮಿಷದಲ್ಲಿ ಅದರ ಬಲ ಪೂರ್ತಿ ಸಿಗುತ್ತದೆ. ಸಿಗರೇಟಿನ ನಿಕೋಟಿನ್ ಕೆಲವೇ ಸೆಕೆಂಡಿನಲ್ಲಿ ಮೆದುಳು ಮುಟ್ಟುತ್ತದೆ. ಆ ವೇಗ ಗಮ್ಮಿಗೆ ಇಲ್ಲ, ಇರಲೂಬಾರದು. ಹಾಗಾಗಿ ಟಪ್ರಿಯ ಮುಂದೆ ಹೋಗಿ ನಿಂತ ಮೇಲೆ ಅಲ್ಲ, ಸ್ಟೇಷನ್ನಿನಲ್ಲಿ ಇಳಿಯುವ ಇಪ್ಪತ್ತು ನಿಮಿಷ ಮುಂಚೆ ಗಾಡಿಯಲ್ಲೇ ಬಾಯಿಗೆ ಹಾಕಿಕೊಳ್ಳಿ.

ಹಲ್ಲು ಸೆಟ್ ಇರುವವರಿಗೆ, ದವಡೆ ನೋವಿನವರಿಗೆ ಗಮ್ ಬೇಡ. ಅವರಿಗೆ ಲಾಜೆಂಜ್ ಇದೆ, ಅಂದರೆ ಚೀಪುವ ಗುಳಿಗೆ. ಪ್ರಮಾಣದ ಲೆಕ್ಕ, ಕಾಫಿಯ ನಿಯಮ ಎಲ್ಲ ಅದೇ, ದಿನಕ್ಕೆ 20 ಮಾತ್ರ ಮೀರಬಾರದು. ಅಗಿಯಬಾರದು, ನುಂಗಬಾರದು, ಬಾಯಲ್ಲಿ ಅದರಷ್ಟಕ್ಕೆ ಕರಗಲಿ. ಯಾರ ಕಣ್ಣಿಗೂ ಬೀಳದೆ ಮೀಟಿಂಗಿನಲ್ಲಿ ಕೂತೂ ಚೀಪಬಹುದು.

ಪ್ಯಾಚ್

ದಿನವಿಡೀ ಒಂದೇ ಸಮ ಎಳೆಯುವವರಿಗೆ ಪ್ಯಾಚ್ ಒಳ್ಳೆಯದು. ಬೆಳಿಗ್ಗೆ ಒಂದು ಅಂಟಿಸಿದರೆ ಇಪ್ಪತ್ತನಾಲ್ಕು ಗಂಟೆ ಚರ್ಮದ ಮೂಲಕ ಸಣ್ಣಗೆ ನಿಕೋಟಿನ್ ಇಳಿಯುತ್ತಾ ಇರುತ್ತದೆ. ನೆನಪಿಟ್ಟು ಅಗಿಯುವ ರಗಳೆ ಇಲ್ಲ. ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಸೇದುವವರಿಗೆ ಆರು ವಾರ 21 ಮಿಲಿಗ್ರಾಂ, ಎರಡು ವಾರ 14, ಎರಡು ವಾರ 7. ಒಟ್ಟು 70 ಪ್ಯಾಚ್. ಹತ್ತು ಅಥವಾ ಅದಕ್ಕಿಂತ ಕಡಿಮೆ ಸೇದುವವರು 14ರಿಂದಲೇ ಶುರು ಮಾಡಿ ಆರು ವಾರ, ಆಮೇಲೆ ಎರಡು ವಾರ 7.

ಕುತ್ತಿಗೆಯ ಕೆಳಗೆ, ಸೊಂಟಕ್ಕಿಂತ ಮೇಲೆ, ಕೂದಲಿಲ್ಲದ ಒಣ ಜಾಗಕ್ಕೆ ಅಂಟಿಸಬೇಕು. ತೋಳಿನ ಮೇಲ್ಭಾಗ, ಬೆನ್ನು, ಎದೆ ಆಗುತ್ತದೆ. ದಿನಾ ಜಾಗ ಬದಲಿಸಬೇಕು. ಅದೇ ಜಾಗಕ್ಕೆ ಒಂದು ವಾರ ಮರಳಬಾರದು, ತುರಿಕೆ ಬರುತ್ತದೆ. ರಾತ್ರಿ ವಿಚಿತ್ರ ಕನಸು ಬಿದ್ದು ನಿದ್ದೆ ಕೆಟ್ಟರೆ ಮಲಗುವ ಮುಂಚೆ ಕಿತ್ತುಬಿಡಿ. ಆದರೆ ಎದ್ದ ತಕ್ಷಣ ಸೇದುವವರಿಗೆ ಇಲ್ಲೊಂದು ಇಕ್ಕಟ್ಟಿದೆ. ಹೊಸ ಪ್ಯಾಚಿನ ನಿಕೋಟಿನ್ ರಕ್ತದಲ್ಲಿ ಸಾಕಷ್ಟು ಏರಲು ಕೆಲವು ಗಂಟೆ ಬೇಕು. ರಾತ್ರಿ ಕಿತ್ತರೆ ಬೆಳಿಗ್ಗೆ ಬರಿದಾಗಿ ಏಳುತ್ತೀರಿ. ಅಂಥವರು ಕನಸು ತಡೆದುಕೊಳ್ಳುವುದೇ ಮೇಲು, ಇಲ್ಲವೆ ಎದ್ದ ಕೂಡಲೆ ಒಂದು ಗಮ್ ಬಾಯಿಗಿಡಬೇಕು.

ಮುಂಬಯಿಯಲ್ಲಿ ಪ್ಯಾಚಿಗೆ ದೊಡ್ಡ ವೈರಿ ಬೆವರು. ಪಕ್ಕದ ಹೋಟೆಲಿನ ಅಡುಗೆಯವರೊಬ್ಬರು, ಕುಂದಾಪುರದ ಕಡೆಯವರು, ಮೇ ತಿಂಗಳಲ್ಲಿ ಪ್ಯಾಚ್ ಶುರು ಮಾಡಿದರು. ದೋಸೆ ಕಾವಲಿಯ ಮುಂದೆ ನಿಲ್ಲುವ ಕೆಲಸ. ಹನ್ನೊಂದು ಗಂಟೆಯೊಳಗೆ ಪ್ಯಾಚಿನ ಅಂಚು ಮಡಚಿಕೊಂಡು ಬನಿಯನ್ನಿಗೆ ಅಂಟಿರುತ್ತಿತ್ತು. ಮಧ್ಯಾಹ್ನದ ಊಟದ ಗದ್ದಲ ಮುಗಿಯುವ ಹೊತ್ತಿಗೆ ಅವರ ಕೈ ನಡುಗುತ್ತಿತ್ತು. ಒಂದು ದಿನ ಅಂಗಡಿಗೆ ಬಂದು ಬನಿಯನ್ ಎತ್ತಿ ತೋರಿಸಿದರು. ಪ್ಯಾಚನ್ನು ತೋಳಿನಿಂದ ಬೆನ್ನಿನ ಮೇಲ್ಭಾಗಕ್ಕೆ ಬದಲಿಸಿದೆವು. ಸ್ನಾನ ಮಾಡಿ ಒರೆಸಿ, ಫ್ಯಾನಿನ ಕೆಳಗೆ ಪೂರ್ತಿ ಆರಿದ ಮೇಲೆ, ಎಣ್ಣೆ ಪೌಡರು ಏನೂ ಹಚ್ಚದೆ ಅಂಟಿಸಿ, ಅಂಗೈಯಿಂದ ಹತ್ತು ಸೆಕೆಂಡ್ ಒತ್ತಿ ಹಿಡಿಯಬೇಕು. ಅಂಚಿಗೆ ಮೆಡಿಕಲ್ ಟೇಪು. ಇಷ್ಟು ಮಾಡಿದ ಮೇಲೆ ನಿಂತಿತು. ಒಲೆಯ ಮುಂದೆ ನಿಲ್ಲುವವರು, ಸೈಟಿನಲ್ಲಿ ದುಡಿಯುವವರು, ಡೆಲಿವರಿ ಹುಡುಗರು ಪ್ಯಾಚ್ ಕೊಳ್ಳುವ ಮುಂಚೆ ಇದನ್ನು ಯೋಚಿಸಿ. ಪುಣೆಯ ಒಣ ಹವೆಯಲ್ಲಿ, ಏಸಿ ಆಫೀಸಿನಲ್ಲಿ ಇರುವವರಿಗೆ ಈ ತಲೆನೋವು ಅಷ್ಟಿಲ್ಲ.

ಕಿತ್ತ ಪ್ಯಾಚಿನಲ್ಲೂ ನಿಕೋಟಿನ್ ಉಳಿದಿರುತ್ತದೆ. ಅಂಟು ಒಳಗೆ ಬರುವಂತೆ ಮಡಚಿ, ಮಕ್ಕಳ ಕೈಗೆ ಸಿಗದ ಹಾಗೆ ಎಸೆಯಿರಿ.

ಎರಡೂ ಸೇರಿಸಿದರೆ?

ನನ್ನನ್ನು ಕೇಳಿದರೆ, ಗಟ್ಟಿ ಚಟದವರಿಗೆ ಇದೇ ಸರಿ. ಬೆಳಿಗ್ಗೆ ಪ್ಯಾಚ್, ಆಸೆ ಗಕ್ಕನೆ ಎದ್ದಾಗ 2 ಮಿಲಿಗ್ರಾಂ ಗಮ್ ಅಥವಾ ಲಾಜೆಂಜ್. ಪ್ಯಾಚ್ ತಳಪಾಯ, ಗಮ್ ಆಪತ್ತಿಗೆ. ಒಂದನ್ನೇ ಬಳಸಿದವರಿಗಿಂತ ಎರಡನ್ನೂ ಸೇರಿಸಿ ಬಳಸಿದವರಲ್ಲಿ ಬಿಟ್ಟು ಗೆದ್ದವರು ಹೆಚ್ಚು ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಜನ ಹೆದರುತ್ತಾರೆ, "ಜಾಸ್ತಿ ಆಗಲ್ವಾ?" ಅಂತ. ವೈದ್ಯರು ನೋಡಿ ಬರೆದುಕೊಟ್ಟರೆ ಹೆದರಬೇಕಿಲ್ಲ. ಜಾಸ್ತಿಯಾದರೆ ಗೊತ್ತಾಗುತ್ತದೆ: ವಾಕರಿಕೆ, ತಲೆಸುತ್ತು, ಎದೆ ಡವಡವ. ಆಗ ಇಳಿಸಬೇಕು. ನಿಜವಾಗಿ ನಾನು ಕಂಡದ್ದೆಲ್ಲ ಕಡಿಮೆ ತೆಗೆದುಕೊಂಡು ಸೋತವರನ್ನೇ. ಖರ್ಚು ಮಾತ್ರ ಜಾಸ್ತಿ ಆಗುತ್ತದೆ, ಅದನ್ನು ಒಪ್ಪಲೇಬೇಕು.

ಮಾತ್ರೆಗಳು

ಎರಡಿವೆ, ಎರಡಕ್ಕೂ ಚೀಟಿ ಬೇಕು. ವರೆನಿಕ್ಲಿನ್ ಮೆದುಳಿನಲ್ಲಿ ನಿಕೋಟಿನ್ ಕೂರುವ ಜಾಗದಲ್ಲೇ ಹೋಗಿ ಅರ್ಧಂಬರ್ಧ ಕೂರುತ್ತದೆ. ಆಸೆ ತಗ್ಗುತ್ತದೆ, ನಡುವೆ ಒಂದು ಸೇದಿದರೂ ಮೊದಲಿನ ಸುಖ ಸಿಗುವುದಿಲ್ಲ. ಶುರು ಮಾಡಿ ಒಂದು ವಾರಕ್ಕೆ ಸಿಗರೇಟು ನಿಲ್ಲಿಸುವುದು, ಒಟ್ಟು ಹನ್ನೆರಡು ವಾರ. ವಾಕರಿಕೆ ಬರುವುದುಂಟು. ಊಟವಾದ ಮೇಲೆ ದೊಡ್ಡ ಲೋಟ ನೀರಿನ ಜೊತೆ ನುಂಗಿದರೆ ಕಡಿಮೆ. ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರಿಗೆ ಹೇಳಲೇಬೇಕು.

ಬುಪ್ರೋಪಿಯಾನ್ ಮೂಲತಃ ಖಿನ್ನತೆಯ ಮಾತ್ರೆ. ನಿಲ್ಲಿಸುವ ದಿನಕ್ಕಿಂತ ಒಂದೆರಡು ವಾರ ಮುಂಚೆ ಶುರು ಮಾಡುತ್ತಾರೆ. ಫಿಟ್ಸ್ ಇರುವವರಿಗೆ ಇದು ಕೂಡದು. ಬಿಟ್ಟರೆ ದಪ್ಪಗಾಗುತ್ತೇನೆ ಅಂತ ಚಿಂತಿಸುವವರಿಗೆ, ಈಗಾಗಲೇ ಮನಸ್ಸು ಕುಗ್ಗಿರುವವರಿಗೆ ವೈದ್ಯರು ಇದನ್ನು ಯೋಚಿಸುತ್ತಾರೆ. ಬೆವರಿಗೆ ಪ್ಯಾಚ್ ನಿಲ್ಲದವರಿಗೆ, ಹಲ್ಲಿಲ್ಲದವರಿಗೆ, ಪದೇ ಪದೇ ಗಮ್ಮಿನಲ್ಲಿ ಸೋತವರಿಗೆ ಮಾತ್ರೆಯ ದಾರಿ ತೆರೆದೇ ಇದೆ.

ಜಗಿಯುವವರಿಗೆ

ಮಹಾರಾಷ್ಟ್ರದಲ್ಲಿ 2012ರಿಂದ ಗುಟ್ಕಾ ನಿಷೇಧ. ಸಿಗುವುದಂತೂ ನಿಂತಿಲ್ಲ. ಸುಣ್ಣ ತಂಬಾಕು ಉಜ್ಜುವವರು, ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸುವ ನಮ್ಮ ಹಿರಿಯರು, ಹುರಿದ ತಂಬಾಕಿನ ಮಿಶ್ರಿಯನ್ನು ಹಲ್ಲಿಗೆ ಉಜ್ಜುವ ಹೆಂಗಸರು, ಇವರೆಲ್ಲ "ನಾವು ಸೇದುವುದಿಲ್ಲವಲ್ಲ" ಅಂತ ಸಮಾಧಾನದಲ್ಲಿರುತ್ತಾರೆ. ಮಿಶ್ರಿಯ ಅಜ್ಜಿಯಂದಿರಿಗೆ ಅದು ಚಟ ಅನ್ನುವುದೇ ಗೊತ್ತಿರುವುದಿಲ್ಲ. ಬೆಳಿಗ್ಗೆ ಉಜ್ಜದಿದ್ದರೆ ತಲೆ ನೋಯುತ್ತದೆ, ಹೊಟ್ಟೆ ಸರಿಯಾಗುವುದಿಲ್ಲ ಅಂತಾರೆ. ಅದೇ ಚಟದ ಗುರುತು ಅಂತ ಮೆಲ್ಲಗೆ ಬಿಡಿಸಿ ಹೇಳಬೇಕು.

ಬಾಯಿಗೆ ಏನಾದರೂ ಬೇಕು ಅನ್ನುವವರಿಗೆ ಗಮ್ ಸಹಜ ಆಯ್ಕೆ ಅನಿಸುತ್ತದೆ. ಆದರೆ ಅದಕ್ಕೂ ಮುಂಚೆ ಒಂದು ಪರೀಕ್ಷೆ ಮಾಡಿಕೊಳ್ಳಿ. ಮೂರು ಬೆರಳನ್ನು ಒಂದರ ಮೇಲೊಂದು ನೆಟ್ಟಗೆ ಇಟ್ಟು ಬಾಯಿಯೊಳಗೆ ಹೋಗುತ್ತದಾ ನೋಡಿ. ಹೋಗದಿದ್ದರೆ, ಖಾರ ತಿಂದರೆ ಒಳಗೆ ಉರಿದರೆ, ಗಮ್ ಕೊಳ್ಳಬೇಡಿ, ನೇರ ಹಲ್ಲಿನ ವೈದ್ಯರ ಹತ್ತಿರ ಹೋಗಿ. ಅಡಿಕೆ ಅಗಿದು ಅಗಿದು ಕೆನ್ನೆಯ ಒಳಗಿನ ಚರ್ಮ ಬಿಗಿದುಕೊಂಡಿರಬಹುದು. ಅದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಅಂಥ ಬಾಯಿಗೆ ಅಗಿಯುವ ಕೆಲಸ ಕೊಡಬಾರದು. ಲಾಜೆಂಜೋ ಪ್ಯಾಚೋ ಮಾತ್ರೆಯೋ ವೈದ್ಯರು ನೋಡಿ ಹೇಳುತ್ತಾರೆ. ಇನ್ನೊಂದು ಮಾತು. ತಂಬಾಕು ಬಿಟ್ಟು ಬರೀ ಅಡಿಕೆ ಹಾಕುತ್ತೇನೆ ಅನ್ನುವುದು ಬಿಟ್ಟ ಹಾಗಲ್ಲ. ಅಡಿಕೆ ತಾನೇ ಕ್ಯಾನ್ಸರ್ ತರುತ್ತದೆ. ಅಡಿಕೆ ತೋಟದ ಊರಿನಿಂದ ಬಂದವನು ನಾನು, ಇದನ್ನು ಹೇಳುವುದು ನನಗೂ ಸುಲಭವಲ್ಲ.

ವೇಪ್ ಬಿಡಲು ಬಂದವರಿಗೆ

ಇಲ್ಲಿ ನೀವು ಎಳೆಯುತ್ತಿದ್ದ ಸಾಧನ ಮತ್ತು ದ್ರವ ಯಾವುದು ಅಂತ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಅದರಿಂದ ಚಟದ ಗಾತ್ರ ಗೊತ್ತಾಗುತ್ತದೆ. ದೊಡ್ಡ ಟ್ಯಾಂಕಿನ, ಬುಸುಬುಸು ಮೋಡ ಬಿಡುವ ಸಾಧನಕ್ಕೆ ಹಾಕುವ ದ್ರವದಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 3ರಿಂದ 6 ಮಿಲಿಗ್ರಾಂ ನಿಕೋಟಿನ್. ಬೆರಳುದ್ದದ ಪಾಡ್, ಎಸೆಯುವ ಪೆನ್ನಿನಂಥವುಗಳಲ್ಲಿ ನಿಕೋಟಿನ್ ಸಾಲ್ಟ್. ಆಮ್ಲ ಸೇರಿಸಿರುವುದರಿಂದ ಗಂಟಲಿಗೆ ಕುಟುಕುವುದಿಲ್ಲ. ಹಾಗಾಗಿ ಎಷ್ಟು ಗಾಢವಾಗಿದ್ದರೂ ಸಲೀಸಾಗಿ ಇಳಿಯುತ್ತದೆ. ಮೇಲೆ 5 ಪರ್ಸೆಂಟ್ ಅಂತ ಬರೆದಿದ್ದರೆ ಮಿಲಿಲೀಟರಿಗೆ 50 ಮಿಲಿಗ್ರಾಂ ಅಂತ ಅರ್ಥ. "ಬರೀ ಐದೇ ಪರ್ಸೆಂಟ್ ಅಂಕಲ್" ಅಂತ ಒಬ್ಬ ಹುಡುಗ ಹೇಳಿದ. ಹಣ್ಣಿನ ರುಚಿ ಇದೆ ಅಂತ ಅವನು ಬೆಳಿಗ್ಗೆ ಹಾಸಿಗೆಯಲ್ಲೇ ಶುರು ಮಾಡುತ್ತಿದ್ದ, ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ. ಸಿಗರೇಟು ಒಂದು ಮುಗಿದರೆ ಮುಗಿಯಿತು. ಇದಕ್ಕೆ ಮುಗಿಯುವುದು ಅಂತಲೇ ಇಲ್ಲ. ಎಷ್ಟು ಎಳೆದೆ ಅನ್ನುವ ಲೆಕ್ಕವೂ ಸಿಗುವುದಿಲ್ಲ.

ಹಾಗಾಗಿ ಇವರಿಗೂ ಅದೇ ಪ್ರಶ್ನೆ: ಎದ್ದ ಎಷ್ಟು ಹೊತ್ತಿಗೆ? ಪಾಡಿನವರು ಹೆಚ್ಚಾಗಿ ಗಟ್ಟಿ ಚಟದವರ ಸಾಲಿಗೇ ಬರುತ್ತಾರೆ. ಅವರಿಗೆ ಪ್ಯಾಚ್ ಮತ್ತು ಗಮ್ ಎರಡನ್ನೂ ಸೇರಿಸುವ ಬಗ್ಗೆ ವೈದ್ಯರನ್ನು ಕೇಳಿ. ಕಡಿಮೆ ನಿಕೋಟಿನ್ನಿನ ದ್ರವವನ್ನು ವಾರಕ್ಕೆ ಒಂದೆರಡು ದಿನ ಸ್ನೇಹಿತರ ಜೊತೆ ಎಳೆಯುವವರಿಗೆ ಔಷಧಿಗಿಂತ ಆ ಸ್ನೇಹಿತರ ಸಂಜೆಯನ್ನು ಬೇರೆ ಕಡೆಗೆ ಒಯ್ಯುವುದೇ ಹೆಚ್ಚು ಕೆಲಸ ಮಾಡುತ್ತದೆ. ಮನೆಯಲ್ಲಿ ಉಳಿದ ದ್ರವದ ಬಾಟಲಿ ಇದ್ದರೆ ಇವತ್ತೇ ಮಕ್ಕಳ ಕೈಗೆಟುಕದ ಕಡೆ ಬೀಗ ಹಾಕಿ. ಮಗು ಒಂದು ಗುಟುಕು ಕುಡಿದರೂ ಜೀವಕ್ಕೆ ಅಪಾಯ.

ಹಣದ ಮಾತು

ಸಿಗರೇಟು ದಿನಕ್ಕೆ ಹತ್ತು ಸೇದುವವರಿಗೆ ಗಮ್ಮಿನ ಖರ್ಚು ಭಾರ ಅನಿಸಬಾರದು. ನಾನು ಮಾರುವ 2 ಮಿಲಿಗ್ರಾಂ ಗಮ್ ಒಂದರ ಬೆಲೆ ಸಾಮಾನ್ಯ ಫಿಲ್ಟರ್ ಸಿಗರೇಟು ಒಂದಕ್ಕಿಂತ ಕಡಿಮೆಯೇ. ಆದರೆ ಸಿಗರೇಟನ್ನು ಬಿಡಿಬಿಡಿಯಾಗಿ ಕೊಳ್ಳುತ್ತೇವೆ, ಪ್ಯಾಚನ್ನು ಒಮ್ಮೆಗೇ ವಾರದ್ದು ಕೊಳ್ಳಬೇಕು. ಹಾಗಾಗಿ ಕೈ ಹಿಂದೆ ಬರುತ್ತದೆ. ಬೀಡಿಯವರ, ತಂಬಾಕು ಪುಡಿಯವರ ಕಷ್ಟ ನಿಜವಾದದ್ದು. ಅವರ ಚಟ ಅಗ್ಗ, ಔಷಧಿ ದುಬಾರಿ. ಅವರಿಗೆ ನಾನು ಅಂಗಡಿಯಲ್ಲಿ ಏನನ್ನೂ ಮಾರುವುದಿಲ್ಲ, ಮೊದಲು ಸರ್ಕಾರಿ ದಾರಿ ತೋರಿಸುತ್ತೇನೆ. ಜಿಲ್ಲಾ ಆಸ್ಪತ್ರೆಗಳಲ್ಲಿ, ಸರ್ಕಾರಿ ದಂತ ಕಾಲೇಜುಗಳಲ್ಲಿ ತಂಬಾಕು ಬಿಡಿಸುವ ಕೇಂದ್ರಗಳಿವೆ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲೂ ಇದೆ. ಔಷಧಿ ಅಲ್ಲೇ ಸಿಗುತ್ತದಾ ಅಂತ ನಾಚದೆ ಕೇಳಿ. ನಿಕೋಟಿನ್ ಗಮ್, ಪ್ಯಾಚುಗಳು 2022ರಿಂದ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇವೆ.

1800 11 2356 ಅನ್ನುವ ಉಚಿತ ಸಹಾಯವಾಣಿಯೂ ಇದೆ. ನಂಬರ್ ಹುಡುಕಬೇಕಿಲ್ಲ, ನಿಮ್ಮ ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದರಲ್ಲಿ ಸೇರಿದೆ, ಕನ್ನಡದಲ್ಲಿ ಮಾತಾಡಬಹುದು. ಮರಾಠಿ ಹಿಂದಿಯಲ್ಲಿ ಎಷ್ಟೇ ಪಳಗಿದ್ದರೂ ಇಂಥ ಮಾತು ನಮ್ಮ ಭಾಷೆಯಲ್ಲೇ ಸಲೀಸು. ಪುಕ್ಕಟೆ ಸಿಗುವ ಈ ಮಾತಿಗೆ ತನ್ನದೇ ಬಲವಿದೆ. ಔಷಧಿಯ ಜೊತೆ ಸೇರಿದರೆ ಎರಡೂ ಇನ್ನಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ.

ಶುರು ಮಾಡುವ ವಾರ

ಮೊದಲ ಎರಡು ಮೂರು ದಿನ ಕಷ್ಟ. ಸಿಡುಕು, ನಿದ್ದೆಗೇಡು, ಹಸಿವು. ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತದೆ. ಒಂದೊಂದು ಸಲ ಏಳುವ ಆಸೆ ಕೆಲವು ನಿಮಿಷದ್ದು, ಅಷ್ಟು ಹೊತ್ತು ದಾಟಿಸಿದರೆ ಸಾಕು. ಹರ್ಬಲ್ ಸಿಗರೇಟಿಗೆ ಮಾತ್ರ ಕೈ ಹಾಕಬೇಡಿ. ತಂಬಾಕು ಇಲ್ಲದಿದ್ದರೂ ಹೊಗೆ ಹೊಗೆಯೇ.

ಕೌಂಟರಿನಲ್ಲಿ ಯಾರೂ ಕೇಳದ, ನಾನು ಮಾತ್ರ ಮರೆಯದೆ ಹೇಳುವ ಒಂದು ವಿಷಯವಿದೆ. ಸಿಗರೇಟಿನ ಹೊಗೆ ಲಿವರನ್ನು ಚುರುಕು ಮಾಡಿ ಕಾಫಿಯ ಕೆಫೀನನ್ನು ಬೇಗ ಬೇಗ ಖರ್ಚು ಮಾಡಿಸುತ್ತಿರುತ್ತದೆ. ಹೊಗೆ ನಿಂತ ಮೇಲೆ ಅದೇ ಎರಡು ಲೋಟ ಕಾಫಿ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ. ಜನ ಇದನ್ನು ಸಿಗರೇಟು ಬಿಟ್ಟ ಕಾಟ ಅಂದುಕೊಂಡು ಮತ್ತೆ ಹಚ್ಚುತ್ತಾರೆ. ಕಾಫಿಯನ್ನು ಅರ್ಧ ಮಾಡಿ ನೋಡಿ. ಇದೇ ಕಾರಣಕ್ಕೆ ಉಬ್ಬಸಕ್ಕೆ ಥಿಯೋಫಿಲಿನ್ ತೆಗೆದುಕೊಳ್ಳುವವರು, ಮನೋರೋಗಕ್ಕೆ ಕ್ಲೋಝಪಿನ್ ತೆಗೆದುಕೊಳ್ಳುವವರು ಬಿಡುವ ಮುಂಚೆ ವೈದ್ಯರಿಗೆ ತಿಳಿಸಬೇಕು, ಪ್ರಮಾಣ ಬದಲಿಸಬೇಕಾಗಬಹುದು. ಇನ್ಸುಲಿನ್ ಹಾಕಿಕೊಳ್ಳುವವರು ಸಕ್ಕರೆಯನ್ನು ಪದೇ ಪದೇ ನೋಡಿಕೊಳ್ಳಬೇಕು.

ನಡುವೆ ಒಂದು ದಿನ ಜಾರಿ ಸೇದಿಬಿಟ್ಟರೆ ಪ್ಯಾಚ್ ಕಿತ್ತೆಸೆಯಬೇಡಿ, ಗಮ್ಮನ್ನು ಕಸದ ಡಬ್ಬಿಗೆ ಹಾಕಬೇಡಿ. ಮರುದಿನ ಅದನ್ನೇ ಮುಂದುವರಿಸಿ. ನನ್ನ ಅಣ್ಣ ಎರಡನೇ ಸಲ 21ರ ಪ್ಯಾಚ್ ಹಾಕಿ, ಜೇಬಿನಲ್ಲಿ ಗಮ್ ಇಟ್ಟುಕೊಂಡು ಶುರು ಮಾಡಿದವನು ಹದಿನೆಂಟನೇ ದಿನ ಒಂದು ಮದುವೆ ಮನೆಯಲ್ಲಿ ಎರಡು ಸೇದಿದ. ರಾತ್ರಿಯೇ ಫೋನ್ ಮಾಡಿದ. ನಾಳೆ ಬೆಳಿಗ್ಗೆ ಎಂದಿನ ಹಾಗೆ ಅಂಟಿಸು ಅಂದೆ, ಅಂಟಿಸಿದ. ಮಳೆಗಾಲ ಮುಗಿಯುವ ಹೊತ್ತಿಗೆ 7ರ ಕೊನೆಯ ಪ್ಯಾಚೂ ಖಾಲಿಯಾಗಿತ್ತು.